ಅಳಿವೆ ಬಾಯಿಯ ಡಾಲ್ಫಿನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಕರಾವಳಿಯ ಡಾಲ್ಫಿನ್‌ಗಳ ಬಗೆಗಿನವೇ ಹೆಚ್ಚಾಗಿದ್ದುದರಿಂದ ಈ ಸಂಚಿಕೆಯ ಪುಟಗಳನ್ನು ಅವಕ್ಕೆ ಮೀಸಲಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮನೆ ಅಘನಾಶಿನಿ ಅಳಿವೆಗೆ ಹತ್ತಿರ. ಚಳಿಗಾಲದ ಬೆಳಗುಗಳಲ್ಲಿ ಹೊಳೆ ಕಡಲು ಸೇರುವಲ್ಲಿ ನಾಲ್ಕಾರು ಡಾಲ್ಫಿನ್‌ಗಳು ಕಾಣುತ್ತವೆ. ಸ್ವಲ್ಪ ಆಚೆ ನೋಡಿದರೆ ಒಂದೂ ಇರುವುದಿಲ್ಲ. ಇಡೀ ಅರಬ್ಬೀ ಸಮುದ್ರವೇ ತೆರೆದಿರುವಾಗ ಅವು ಅದೊಂದು ಜಾಗಕ್ಕೇ ಅಂಟಿಕೊಂಡಿರುವುದು ಏಕೆ? (ತದಡಿಯ ಓದುಗರು)

ಉತ್ತರ: ಇಡೀ ಸಮುದ್ರ ತೆರೆದಿದೆ ಎಂಬುದು ದಡದಲ್ಲಿ ನಿಂತ ನಮ್ಮ ಲೆಕ್ಕ. ನೀವು ನೋಡುತ್ತಿರುವ ಪ್ರಾಣಿಯ ಲೆಕ್ಕ ಬೇರೆ. ಬೆನ್ನಿನ ನಡುವೆ ಉದ್ದನೆಯ ಡುಬ್ಬ, ಅದರ ಮೇಲೆ ಚಿಕ್ಕದೊಂದು ಈಜುರೆಕ್ಕೆ, ಬೂದು ಮೈ, ಉದ್ದ ಮೂತಿ ಇದ್ದರೆ ಅದು ಹಿಂದೂ ಮಹಾಸಾಗರದ ಹಂಪ್‌ಬ್ಯಾಕ್ ಡಾಲ್ಫಿನ್. ಕನ್ನಡದಲ್ಲಿ ಡುಬ್ಬದ ಡಾಲ್ಫಿನ್ ಎಂದು ಕರೆದರೆ ತಪ್ಪಾಗದು. ಇದರ ಶಾಸ್ತ್ರೀಯ ಹೆಸರು ಸೌಸಾ ಪ್ಲಂಬಿಯಾ. ಎರಡನೆಯ ಪದಕ್ಕೆ ಸೀಸದ ಬಣ್ಣದ್ದು ಎಂದರ್ಥ, ಮುಂಜಾನೆಯ ಬೆಳಕಿನಲ್ಲಿ ನೋಡಿದವರಿಗೆ ಆ ಹೆಸರು ಎಷ್ಟು ಸರಿ ಎಂಬುದು ಕೂಡಲೇ ತಿಳಿಯುತ್ತದೆ. ದಕ್ಷಿಣ ಆಫ್ರಿಕಾದಿಂದ ಹಿಡಿದು ಪೂರ್ವ ಆಫ್ರಿಕಾ, ಅರೇಬಿಯಾ, ಪಾಕಿಸ್ತಾನಗಳ ತೀರವನ್ನು ಸುತ್ತಿ ಭಾರತದ ದಕ್ಷಿಣದ ತುದಿಯವರೆಗೆ ಹಬ್ಬಿದ್ದರೂ ಇದರ ನೆಲೆ ಉದ್ದಕ್ಕೆ ಮಾತ್ರ ದೊಡ್ಡದು, ಅಗಲಕ್ಕೆ ತೀರ ಕಿರಿದು. ಸಾಮಾನ್ಯವಾಗಿ 25 ಮೀಟರಿಗಿಂತ, ಅಂದರೆ ಮೀನುಗಾರರ ಲೆಕ್ಕದಲ್ಲಿ ಸುಮಾರು 14 ಮಾರಿಗಿಂತ, ಹೆಚ್ಚು ಆಳದ ನೀರಿಗೆ ಅದು ಹೋಗುವುದಿಲ್ಲ. ದಡದಿಂದ ಕೆಲವೇ ಕಿಲೋಮೀಟರಿನೊಳಗೆ ಹುಟ್ಟಿ, ಬೆಳೆದು, ಮರಿ ಹಾಕಿ, ಅಲ್ಲಿಯೇ ಸಾಯುತ್ತದೆ. ಜಗತ್ತಿನ ಭೂಪಟದ ಮೇಲೆ ಅದರ ಮನೆಯನ್ನು ಬರೆಯಹೊರಟರೆ ತೀರದ ಗೆರೆಯ ಮೇಲೆಯೇ ಇನ್ನೊಂದು ಗೆರೆ ಎಳೆದಂತಾಗುತ್ತದೆ.

ಆಳಕ್ಕೆ ಹೋಗದಿರುವುದು ಈಜಲಾರದೆ ಅಲ್ಲ. ಅದರ ಊಟವಿರುವುದು ಇಲ್ಲಿ. ಅಳಿವೆಯಲ್ಲಿ, ಕೆಸರು ನೆಲದ ಮೇಲೆ, ಬಂಡೆಗಳ ಸಂದಿನಲ್ಲಿ ಇರುವ ಮೀನುಗಳನ್ನು ಒಂದೊಂದಾಗಿ ಹುಡುಕಿ ಹಿಡಿಯುವ ಪ್ರಾಣಿ ಅದು. ನಡುಗಡಲಿನ ಡಾಲ್ಫಿನ್‌ಗಳಂತೆ ನೂರಾರು ಒಟ್ಟಾಗಿ ಹಿಂಡುಮೀನನ್ನು ಅಟ್ಟಿಕೊಂಡು ಹೋಗುವುದಿಲ್ಲ. ಅದರಲ್ಲೂ ಅಘನಾಶಿನಿಯಂಥ ಅಳಿವೆ ಸಿಕ್ಕರೆ ಬಿಡುವುದುಂಟೆ? ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ಈ ಹೊಳೆ ಘಟ್ಟದ ಗೋಡುಮಣ್ಣನ್ನೂ ಎಲೆಕೊಳೆಯನ್ನೂ ತಂದು ಹಾಕುತ್ತದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಮರಿಮೀನು ಬೆಳೆಯುತ್ತದೆ, ಬಳಚು ಎಂಬ ಚಿಪ್ಪುಜೀವಿಯ ದಿಬ್ಬಗಳು ಊರೂರನ್ನೇ ಸಾಕುತ್ತವೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಜೌಗು ಪ್ರದೇಶವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದಕ್ಕೆ ಕಾರಣ ಇದೇ ಸಮೃದ್ಧಿ.

ಆದರೆ ಅಳಿವೆಯಲ್ಲಿ ಮೀನಿದೆ ಎಂದಷ್ಟೇ ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಂತೆ. ಅಳಿವೆಯೆಲ್ಲ ಬಿಟ್ಟು ಅದರ ಬಾಯಿಯೇ ಏಕೆ ಎಂಬುದನ್ನು ಉಬ್ಬರವಿಳಿತ ಹೇಳುತ್ತದೆ. ನೀರು ಏರುವಾಗಲೂ ಇಳಿಯುವಾಗಲೂ ಅಗಲವಾದ ಹಿನ್ನೀರಿನ ಮೀನೆಲ್ಲ ಕಿರಿದಾದ ಆ ಒಂದು ಬಾಗಿಲಿನಲ್ಲಿಯೇ ಹಾದುಹೋಗಬೇಕು. ಡಾಲ್ಫಿನ್ ಬಾಗಿಲಲ್ಲಿ ನಿಂತರೆ ಸಾಕು, ಹುಡುಕಿಕೊಂಡು ಹೋಗುವ ಶ್ರಮ ತಪ್ಪುತ್ತದೆ. ಇದು ನಮ್ಮ ಕರಾವಳಿಯ ವಿಶೇಷವೇನೂ ಅಲ್ಲ. ಸ್ಕಾಟ್ಲೆಂಡಿನ ಮೊರೇ ಕೊಲ್ಲಿಯಲ್ಲಿ ಚಾನನ್ರಿ ಎಂಬ ಮರಳುಚಾಚು ಇದೆ. ಅಲ್ಲಿನ ಬಾಟಲ್‌ನೋಸ್ ಡಾಲ್ಫಿನ್‌ಗಳು ಇಳಿತ ಮುಗಿದು ನೀರು ಮತ್ತೆ ಏರತೊಡಗುವ ಹೊತ್ತಿಗೆ ಸರಿಯಾಗಿ ಬಂದು ಹರಿವಿಗೆ ಎದುರಾಗಿ ನಿಲ್ಲುತ್ತವೆ, ನದಿಗೆ ಹೊರಟ ಸಾಲ್ಮನ್ ಮೀನು ಅವುಗಳ ಬಾಯಿಗೇ ಬರುತ್ತದೆ. ಅದನ್ನು ನೋಡಲು ಬರುವವರು ಗಡಿಯಾರಕ್ಕಿಂತ ಉಬ್ಬರವಿಳಿತದ ಪಟ್ಟಿಯನ್ನೇ ನೋಡಿಕೊಂಡು ಹೊರಡುತ್ತಾರೆ.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ತದಡಿಯಿಂದ ಅಘನಾಶಿನಿ ಊರಿಗೆ ದಾಟುವ ದೋಣಿಗಾಗಿ ಕಾಯುತ್ತ ನಾನು ನೋಡಿದ್ದನ್ನು ಇಲ್ಲಿ ಹೇಳಬಹುದು. ಇಳಿತದ ನೀರು ಕಂದು ಬಣ್ಣದ್ದಾಗಿ ಹೊರಗೆ ಹರಿಯುತ್ತಿತ್ತು. ಅದು ಕಡಲಿನ ಹಸಿರು ನೀರಿಗೆ ತಾಗುವಲ್ಲಿ ನೊರೆಯ ಗೆರೆಯೊಂದು ಮೂಡಿ, ತರಗೆಲೆ, ಕಡ್ಡಿ, ಚಪ್ಪಲಿ ಎಲ್ಲ ಆ ಗೆರೆಯ ಮೇಲೆ ಸಾಲಾಗಿ ತೇಲುತ್ತಿದ್ದವು. ಮೂರು ಡಾಲ್ಫಿನ್‌ಗಳು ಅದೇ ಗೆರೆಯ ಉದ್ದಕ್ಕೆ ಹೋಗುತ್ತ ಬರುತ್ತ ಇದ್ದವು. ಮೊದಲು ಮೂತಿ ಓರೆಯಾಗಿ ಮೇಲೇಳುತ್ತಿತ್ತು, ಆಮೇಲೆ ಪುಸ್ಸೆಂಬ ಉಸಿರು, ಆಮೇಲೆ ಡುಬ್ಬ, ಕೊನೆಗೆ ಬಾಲ. ಬಾಲ ಎದ್ದರೆ ನೇರ ಕೆಳಗೆ ಹೋಯಿತೆಂದೇ ಅರ್ಥ, ಮತ್ತೆ ಕಾಣಲು ಒಂದೆರಡು ನಿಮಿಷ ಕಾಯಬೇಕು. ಮುಕ್ಕಾಲು ಗಂಟೆಯಲ್ಲಿ ಅವು ಗೆರೆಯನ್ನು ದಾಟಿ ಹಸಿರು ನೀರಿಗೆ ಹೋದದ್ದು ಒಂದೇ ಸಲ. ಹೊಳೆಯ ಹರಿವು ಸಡಿಲವಾಗಿ ಆ ಗೆರೆ ಅಳಿಸಿಹೋದ ಮೇಲೆ ಅವೂ ಉತ್ತರಕ್ಕೆ ಹೊರಟುಹೋದವು. ನೀವು ಕಾಣುವ ಜಾಗ ಅವಕ್ಕೆ ಬೇಕಾದದ್ದು ದಿನದ ಕೆಲವು ತಾಸಿಗೆ ಮಾತ್ರ. ಅದನ್ನು ಜಾಗವೆಂದು ಕರೆಯುವುದಕ್ಕಿಂತ ಹೊತ್ತೆಂದು ಕರೆಯುವುದೇ ಲೇಸು.

ಪ್ರಶ್ನೆ: ಅಳಿವೆಯ ನೀರು ಯಾವಾಗಲೂ ಕದಡಿರುತ್ತದೆ. ಒಂದು ಮೊಳದಾಚೆ ಕಾಣದ ಆ ನೀರಿನಲ್ಲಿ ಬೇಟೆಯಾಡುವುದು ಹೇಗೆ? (ಹೊನ್ನಾವರದ ಓದುಗರು)

ಉತ್ತರ: ಕಿವಿಯಿಂದ. ಡಾಲ್ಫಿನ್ ಟಿಕ್ ಟಿಕ್ ಎಂಬ ಸೂಕ್ಷ್ಮ ಸದ್ದನ್ನು ಹೊರಡಿಸಿ ಅದರ ಮಾರ್ದನಿಯಿಂದ ಮುಂದೇನಿದೆ ಎಂದು ತಿಳಿಯುವುದು ಬಹುತೇಕ ಓದುಗರಿಗೆ ಗೊತ್ತಿರುವ ಸಂಗತಿ. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ: ಅದು ಸುಮ್ಮನಿದ್ದು ಕೇಳಿಸಿಕೊಳ್ಳುವುದೂ ಉಂಟು. ಕಲ್ಲೂರಿನಂಥ ಮೀನುಗಳು ಗಾಳಿಚೀಲವನ್ನು ಅದುರಿಸಿ ಕೊರ್ ಕೊರ್ ಎಂದು ಸದ್ದು ಮಾಡುತ್ತವೆ. ಅಮೆರಿಕದ ಫ್ಲಾರಿಡಾದ ಸಾರಸೋಟಾ ಕೊಲ್ಲಿಯಲ್ಲಿ ಇಂಥ ಮೀನುಗಳ ಧ್ವನಿಮುದ್ರಣವನ್ನು ನೀರಿನೊಳಗೆ ಕೇಳಿಸಿದಾಗ ಅಲ್ಲಿನ ಡಾಲ್ಫಿನ್‌ಗಳು ಸದ್ದು ಬಂದ ಕಡೆಗೆ ತಿರುಗಿದವು. ನಮಗೆ ಕೊಳಕಾಗಿ ಕಾಣುವ ಕೆಸರುನೀರು ಕಿವಿಯಿಂದ ಬದುಕುವ ಪ್ರಾಣಿಗೆ ಅಡ್ಡಿಯಾಗುವುದಿಲ್ಲ, ಅಡ್ಡಿಯಾಗುವುದು ಗದ್ದಲ. ಈ ಮಾತು ಮುಂದಿನ ಉತ್ತರಗಳಲ್ಲಿ ಮತ್ತೆ ಬರುತ್ತದೆ.

ಪ್ರಶ್ನೆ: ಡಾಲ್ಫಿನ್‌ಗಳು ಊಟವಿದ್ದಲ್ಲೆಲ್ಲ ಇರುತ್ತವೆ ಎಂದು ಪಠ್ಯದಲ್ಲಿದೆ. ಅಪಾಯವನ್ನೂ ಲೆಕ್ಕ ಹಾಕುತ್ತವೆಯೆ? (ಮಂಗಳೂರಿನ ಪದವಿ ವಿದ್ಯಾರ್ಥಿನಿ)

ಉತ್ತರ: ಹಾಕುತ್ತವೆ, ಮತ್ತು ಅದನ್ನು ತೋರಿಸಿಕೊಟ್ಟ ಅಧ್ಯಯನ ತುಂಬ ಚೆಲುವಾದದ್ದು. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇ ಎಂಬ ಕೊಲ್ಲಿಯಲ್ಲಿ ಕಡಲಹುಲ್ಲಿನ ಆಳವಿಲ್ಲದ ಬಯಲುಗಳಿವೆ. ಡಾಲ್ಫಿನ್‌ಗೆ ಬೇಕಾದ ಮೀನು ಹೆಚ್ಚಾಗಿರುವುದು ಅಲ್ಲಿಯೇ. ಹುಲಿ ಶಾರ್ಕ್‌ಗಳು ಹೆಚ್ಚಾಗಿ ಸುಳಿಯುವುದೂ ಅಲ್ಲಿಯೇ. ನೀರು ತಣ್ಣಗಿರುವ ತಿಂಗಳುಗಳಲ್ಲಿ ಶಾರ್ಕ್‌ಗಳು ವಿರಳವಾಗುತ್ತವೆ, ಆಗ ಡಾಲ್ಫಿನ್‌ಗಳು ಮೀನಿನ ಲಭ್ಯತೆಗೆ ತಕ್ಕಂತೆ ಹುಲ್ಲುಬಯಲಿಗೂ ಆಳಕ್ಕೂ ಹಂಚಿಹೋಗುತ್ತವೆ. ನೀರು ಬೆಚ್ಚಗಾಗಿ ಶಾರ್ಕ್‌ಗಳು ಬಂದವೋ, ಊಟ ಕಡಿಮೆಯಿದ್ದರೂ ಸರಿಯೆಂದು ಹುಲ್ಲುಬಯಲನ್ನು ಬಹುಮಟ್ಟಿಗೆ ಬಿಟ್ಟು ಆಳದ ಕಡೆಗೂ ಬಯಲಿನ ಅಂಚುಗಳಿಗೂ ಸರಿಯುತ್ತವೆ. ಅಂಚಿನಲ್ಲಿ ತಪ್ಪಿಸಿಕೊಳ್ಳಲು ದಾರಿಯಿರುತ್ತದೆ. ಮೈಕೆಲ್ ಹೈಥಾಸ್ ಮತ್ತು ಲಾರೆನ್ಸ್ ಡಿಲ್ 2002ರಲ್ಲಿ ಪ್ರಕಟಿಸಿದ ಈ ಕೆಲಸದಲ್ಲಿ ನನಗೆ ಮುಖ್ಯವೆನಿಸುವುದು, ಅವರು ಡಾಲ್ಫಿನ್‌ಗಳನ್ನು ಮಾತ್ರವಲ್ಲದೆ ಮೀನನ್ನೂ ಶಾರ್ಕನ್ನೂ ಜತೆಜತೆಗೇ ಲೆಕ್ಕ ಹಾಕಿದ್ದು. ಬರೀ ಡಾಲ್ಫಿನ್ ಎಣಿಸಿದ್ದರೆ ಬೇಸಿಗೆಯಲ್ಲಿ ಅವಕ್ಕೆ ಆಳದ ನೀರು ಇಷ್ಟ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು.

ಅದೇ ಕೊಲ್ಲಿಯಲ್ಲಿ ಕೆಲವು ಹೆಣ್ಣುಗಳು ಆಳದ ಕಾಲುವೆಗಳಲ್ಲಿ ಮೂತಿಗೆ ಸ್ಪಂಜು ಸಿಕ್ಕಿಸಿಕೊಂಡು ತಳವನ್ನು ಕೆದಕಿ ಅಡಗಿದ ಮೀನನ್ನು ಎಬ್ಬಿಸುತ್ತವೆ. ಈ ವಿದ್ಯೆ ತಾಯಿಯಿಂದ ಮಗಳಿಗೆ ಬರುತ್ತದೆ. ಹಾಗಾಗಿ ಒಂದೇ ಕೊಲ್ಲಿಯ ಎರಡು ಡಾಲ್ಫಿನ್‌ಗಳ ನೆಲೆ ಬೇರೆ ಬೇರೆಯಾಗಿರಲು ಅವುಗಳ ತಾಯಂದಿರು ಬೇರೆ ಎಂಬುದೇ ಕಾರಣವಾಗಿರಬಹುದು. ಪರೀಕ್ಷೆಯಲ್ಲಿ ಆಹಾರ, ಅಪಾಯ, ವಿಶ್ರಾಂತಿ, ಮರಿಸಾಕಣೆ ಎಂದು ಬರೆಯುವಾಗ ಕಲಿಕೆ ಎಂಬುದೊಂದನ್ನೂ ಸೇರಿಸಿ.

ವಿಶ್ರಾಂತಿಗಾಗಿಯೇ ದಡಕ್ಕೆ ಬರುವ ಜಾತಿಯೂ ಇದೆ. ಹವಾಯಿ ದ್ವೀಪಗಳ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯೆಲ್ಲ ಆಳಗಡಲಿನಲ್ಲಿ ಉಂಡು, ಹಗಲು ಮರಳುತಳದ ಶಾಂತ ಕೊಲ್ಲಿಗಳಿಗೆ ಬಂದು ಮಲಗುತ್ತವೆ. ಬಿಳಿ ಮರಳಿನ ಮೇಲೆ ಶಾರ್ಕ್ ಬಂದರೆ ಎದ್ದು ಕಾಣುತ್ತದೆ. ಆ ಕೊಲ್ಲಿಯಲ್ಲಿ ಅವಕ್ಕೆ ಊಟವೇ ಇಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಡಲಲ್ಲಿ ಡಾಲ್ಫಿನ್‌ಗಳೇ ಇರುವುದಿಲ್ಲವಲ್ಲ, ಎಲ್ಲಿಗೆ ಹೋಗುತ್ತವೆ? (ಕುಂದಾಪುರದ ಓದುಗರು)

ಉತ್ತರ: ಇರುವುದಿಲ್ಲ ಎಂದು ಯಾರು ನೋಡಿ ಬಂದರು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಸಂಶೋಧಕರ ದೋಣಿಯೂ ಆ ಅಲೆಯಲ್ಲಿ ಇಳಿಯುವುದಿಲ್ಲ. ದಡದಲ್ಲಿ ನಿಂತವರಿಗೆ ಬಿಳಿ ನೊರೆಯ ನಡುವೆ ಬೂದು ಬೆನ್ನು ಕಾಣುವುದೂ ಇಲ್ಲ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಸಂತೆಗೆ ಬಂದವರನ್ನು ಎಣಿಸಿ ಊರಿನ ಜನಗಣತಿ ಮುಗಿಸಿದರೆ ಹೇಗೋ ಹಾಗಾಗುತ್ತದೆ ಇದು.

ಈ ಎಡವಟ್ಟನ್ನು ತಪ್ಪಿಸಲಿಕ್ಕಾಗಿಯೇ ಸಂಶೋಧಕರು ಡಾಲ್ಫಿನ್ ಕಂಡಲ್ಲಿಗೆ ಓಡುವುದಿಲ್ಲ. ಮೊದಲೇ ಎಳೆದುಕೊಂಡ ಗೆರೆಗಳ ಮೇಲೆ ಒಂದೇ ವೇಗದಲ್ಲಿ ದೋಣಿ ನಡೆಸಿ, ಕಂಡಲ್ಲಿಯೂ ಕಾಣದಲ್ಲಿಯೂ ನೀರಿನ ಆಳ, ಉಪ್ಪಿನಂಶ, ಕದಡು, ದಡದಿಂದ ದೂರ, ಅಲೆಯ ಮಟ್ಟ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಎಷ್ಟು ತಾಸು ನೋಡಿದ್ದಕ್ಕೆ ಎಷ್ಟು ಕಂಡವು ಎಂಬುದರಿಂದ ಮಾತ್ರ ಆಯ್ಕೆಯ ಮಾತಾಡಬಹುದು. ಆ ನೀರು ಎಷ್ಟಿದೆಯೋ ಅದಕ್ಕಿಂತ ಹೆಚ್ಚಾಗಿ ಅವು ಅದನ್ನು ಬಳಸಿದರೆ ಅದು ಆಯ್ಕೆ. ಸುಮ್ಮನೆ ಹಾದುಹೋದರೆ ಅದು ದಾರಿ. ಜತೆಗೆ ಈಜುರೆಕ್ಕೆಯ ಕಚ್ಚು, ಗಾಯಗಳ ಫೋಟೋ ತೆಗೆದು ಒಂದೊಂದು ಪ್ರಾಣಿಯನ್ನೂ ಗುರುತಿಟ್ಟುಕೊಳ್ಳುತ್ತಾರೆ. ಸಾರಸೋಟಾದಲ್ಲಿ 1970ರಿಂದ ಹೀಗೆ ಗುರುತಿಡುತ್ತ ಬಂದದ್ದರಿಂದಲೇ, ಅಜ್ಜಿ ಬಳಸಿದ ಕೊಲ್ಲಿಯನ್ನೇ ಮೊಮ್ಮಕ್ಕಳೂ ಬಳಸುತ್ತವೆ ಎಂಬುದು ಗೊತ್ತಾಗಿರುವುದು. ಮಳೆಗಾಲಕ್ಕೆ ದೋಣಿಗಿಂತ ಒಳ್ಳೆಯ ಉಪಾಯ, ನೀರಿನೊಳಗೆ ಧ್ವನಿಗ್ರಾಹಕವನ್ನು ಕಟ್ಟಿಟ್ಟು ಬರುವುದು. ಅದಕ್ಕೆ ಅಲೆಯ ಭಯವಿಲ್ಲ.

ಪ್ರಶ್ನೆ: ನಾನು ಉಡುಪಿಯವನು, ಈಗ ಅಬುಧಾಬಿಯಲ್ಲಿ ಉದ್ಯೋಗ. ಇಲ್ಲಿಯ ಸಮುದ್ರದಂಡೆಯಲ್ಲಿಯೂ ಡುಬ್ಬದ ಡಾಲ್ಫಿನ್ ಕಂಡೆ. ಮಲ್ಪೆಯಲ್ಲಿ ಕಂಡದ್ದೂ ಇದೂ ಒಂದೆಯೆ?

ಉತ್ತರ: ಜಾತಿ ಒಂದೇ. 2014ರಲ್ಲಿ ಡುಬ್ಬದ ಡಾಲ್ಫಿನ್‌ಗಳನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದಾಗ ಇವೆರಡೂ ಸೌಸಾ ಪ್ಲಂಬಿಯಾ ಎಂಬ ಒಂದೇ ಹೆಸರಿನಡಿ ಉಳಿದವು. ನಿಮಗೆ ಸಂತೋಷದ ಸುದ್ದಿಯೆಂದರೆ, ಈವರೆಗೆ ಎಣಿಸಿದ ಈ ಜಾತಿಯ ಅತಿ ದೊಡ್ಡ ಸಮುದಾಯ ನೀವಿರುವ ಎಮಿರೇಟಿನ ನೀರಿನಲ್ಲಿಯೇ ಇದೆ, ಸುಮಾರು 700. ಇದರಿಂದಲೇ ಉಳಿದ ಕಡೆಯ ಸ್ಥಿತಿಯನ್ನು ಊಹಿಸಬಹುದು: ದಕ್ಷಿಣ ಆಫ್ರಿಕಾದ ಇಡೀ ತೀರದಲ್ಲಿ 500ಕ್ಕಿಂತ ಕಡಿಮೆ ಉಳಿದಿವೆ ಎಂಬುದು ಅಲ್ಲಿನ ಸಂಶೋಧಕರ ಅಂದಾಜು. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಈ ಜಾತಿ ಅಳಿವಿನಂಚಿನಲ್ಲಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿಯೂ ಇದಕ್ಕೆ ರಕ್ಷಣೆಯಿದೆ. ಅಂದಹಾಗೆ, ಈಜುರೆಕ್ಕೆಯೇ ಇಲ್ಲದ ಚಿಕ್ಕ ಪ್ರಾಣಿ ಕಂಡರೆ ಅದು ಡಾಲ್ಫಿನ್ ಅಲ್ಲ, ಅದರ ಹತ್ತಿರದ ಸಂಬಂಧಿಯಾದ ಫಿನ್‌ಲೆಸ್ ಪಾರ್ಪಾಯಿಸ್. ಅದೂ ನಮ್ಮ ತೀರದ್ದೇ.

ಪ್ರಶ್ನೆ: ನಾವು ನಾಡದೋಣಿಯವರು. ಬಲೆಗೆ ಬಿದ್ದ ಬಂಗುಡೆಯನ್ನು ತಿನ್ನಲು ಬಂದು ಡಾಲ್ಫಿನ್‌ಗಳು ಬಲೆಯನ್ನೇ ಹರಿಯುತ್ತವೆ. ಸದ್ದು ಮಾಡುವ ಯಂತ್ರ ಕಟ್ಟಿ ಆಚೆ ಅಟ್ಟಿದರೆ ಅವಕ್ಕೂ ಸುಖ, ನಮಗೂ ಸುಖ ಅಲ್ಲವೆ? ಇಷ್ಟು ದೊಡ್ಡ ಕಡಲಿದೆಯಲ್ಲ. (ಮಲ್ಪೆಯ ಓದುಗರು)

ಉತ್ತರ: ಹರಿದ ಬಲೆಯ ನಷ್ಟ ನಿಮ್ಮದು, ಅದನ್ನು ಹಗುರವಾಗಿ ಕಾಣುವ ಅಧಿಕಾರ ದಡದಲ್ಲಿ ಕುಳಿತು ಬರೆಯುವವರಿಗೆ ಇಲ್ಲ. ಆದರೆ ನಿಮ್ಮ ಕೊನೆಯ ವಾಕ್ಯವನ್ನು ಒಪ್ಪಲಾಗದು. ಮೊದಲ ಉತ್ತರದಲ್ಲಿ ಹೇಳಿದಂತೆ ಅವಕ್ಕಿರುವುದು 14 ಮಾರಿನೊಳಗಿನ ಪಟ್ಟಿ. ನಾಡದೋಣಿಯ ಬಲೆ ಬೀಳುವುದೂ ಅದೇ ಪಟ್ಟಿಯಲ್ಲಿ, ಬೂತಾಯಿ ದಡಕ್ಕೆ ಬರುವುದೂ ಅದೇ ಪಟ್ಟಿಗೆ. ನಿಮ್ಮ ಬಲೆಯಿಂದ ಅಟ್ಟಿದ ಡಾಲ್ಫಿನ್ ನಡುಗಡಲಿಗೆ ಹೋಗುವುದಿಲ್ಲ, ನಿಮ್ಮ ನೆರೆಯವನ ಬಲೆಗೆ ಹೋಗುತ್ತದೆ.

ಸದ್ದಿನ ಯಂತ್ರದ ಅನುಭವ ಮಿಶ್ರವಾಗಿದೆ. ಅಂಜುಬುರುಕ ಪಾರ್ಪಾಯಿಸ್‌ಗಳು ಅದಕ್ಕೆ ಹೆದರಿ ದೂರವಿದ್ದು, ಬಲೆಗೆ ಸಿಕ್ಕಿ ಸಾಯುವುದು ಕಡಿಮೆಯಾದದ್ದು ಹಲವೆಡೆ ಸಾಬೀತಾಗಿದೆ. ಬಾಟಲ್‌ನೋಸ್ ಡಾಲ್ಫಿನ್‌ಗಳ ವಿಷಯದಲ್ಲಿ ಅಂಥ ಭರವಸೆ ಇಲ್ಲ. ಕೆಲವು ಕಡೆ ಅವು ಸದ್ದಿಗೆ ಒಗ್ಗಿಹೋಗುತ್ತವೆ, ಮೀನು ಸಿಗುವ ಬಲೆ ಇಲ್ಲಿದೆ ಎಂದು ಕೂಗಿ ಕರೆದಂತೆಯೂ ಆಗಬಹುದು. ಬಲೆಯನ್ನೇ ಬದಲಿಸಿ ನೋಡಿದ ಉದಾಹರಣೆ ಪಾಕಿಸ್ತಾನದ್ದು: ಹೊರಗಡಲಿನ ಟ್ಯೂನಾ ಗಿಲ್‌ನೆಟ್ಟನ್ನು ಮೇಲ್ಮೈಯಿಂದ ಸುಮಾರು 2 ಮೀಟರ್ ಕೆಳಗೆ ಇಳಿಸಿ ಕಟ್ಟಿದಾಗ ಸಿಕ್ಕಿಬೀಳುವ ಡಾಲ್ಫಿನ್‌ಗಳು ಬಹಳ ಕಡಿಮೆಯಾದವು. ಅದು ಸತ್ತ ಡಾಲ್ಫಿನ್‌ಗೆ ಪರಿಹಾರ, ಹರಿದ ಬಲೆಗಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅಲ್ಲದೆ ದಡದ ಬಲೆಗೆ ಅದು ಹಾಗೆಯೇ ಹೊಂದುವುದಿಲ್ಲ.

ಇದೇ ಪ್ರಾಣಿ ಇನ್ನೊಂದು ಬಗೆಯಲ್ಲಿಯೂ ಮೀನುಗಾರರ ಬಳಿ ನಿಲ್ಲುತ್ತದೆ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಅಳಿವೆಯಲ್ಲಿ ಡುಬ್ಬದ ಡಾಲ್ಫಿನ್‌ಗಳು ಮೀನನ್ನು ದಡದ ಕಡೆಗೆ ಅಟ್ಟುವಾಗ ಬೀಸುಬಲೆಯವರು ಬಲೆ ಬೀಸುತ್ತಾರೆ. ಬ್ರೆಜಿಲಿನ ಲಗೂನಾ ಎಂಬ ಊರಿನಲ್ಲಿ ಬಾಟಲ್‌ನೋಸ್‌ಗಳ ಜತೆಗಿನ ಇಂಥ ಒಪ್ಪಂದಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ; ಅಲ್ಲಿ ಡಾಲ್ಫಿನ್ ತಲೆಯಿಂದಲೋ ಬಾಲದಿಂದಲೋ ಸನ್ನೆ ಮಾಡುವ ತನಕ ಬಲೆ ಬೀಸುವವರು ಮೊಣಕಾಲು ನೀರಿನಲ್ಲಿ ಸಾಲಾಗಿ ನಿಂತು ಕಾಯುತ್ತಾರೆ. ಎರಡೂ ಕಡೆ ಇದು ನಡೆಯುವುದು ಅಳಿವೆಯ ಬಾಯಲ್ಲಿ. ಬಾಗಿಲು ಕಿರಿದಾದಷ್ಟೂ ಇಬ್ಬರೂ ಒಬ್ಬರಿಗೊಬ್ಬರು ಸಿಗುತ್ತಾರೆ, ಜಗಳಕ್ಕೂ ಒಪ್ಪಂದಕ್ಕೂ.

ಪ್ರಶ್ನೆ: ಕಾರವಾರದಲ್ಲಿ ಡಾಲ್ಫಿನ್ ತೋರಿಸುವ ದೋಣಿಯಲ್ಲಿ ಹೋಗಿದ್ದೆವು. ಐದಾರು ದೋಣಿಗಳು ಒಂದೇ ಹಿಂಡನ್ನು ಸುತ್ತುವರಿದವು. ತೊಂದರೆಯಾಗುವುದಾದರೆ ಅವು ಹೊರಟುಹೋಗುತ್ತಿದ್ದವು, ಇನ್ನೂ ಅಲ್ಲಿಯೇ ಇವೆಯೆಂದರೆ ಒಗ್ಗಿಕೊಂಡಿವೆ ಎಂದು ದೋಣಿಯವರು ಹೇಳಿದರು. ನಿಜವೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಈ ವಾದ ಎಲ್ಲ ಕಡೆಯೂ ಕೇಳಿಬರುತ್ತದೆ, ಮತ್ತು ಕೇಳಲು ಸರಿಯೆನಿಸುತ್ತದೆ. ಶಾರ್ಕ್ ಬೇಯಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಡಾಲ್ಫಿನ್ ತೋರಿಸುವ ದೋಣಿ ಒಂದಿದ್ದದ್ದು ಎರಡಾದ ಮೇಲೆ ಆ ಜಾಗದಲ್ಲಿ ಡಾಲ್ಫಿನ್‌ಗಳ ಸಂಖ್ಯೆ ಏಳರಲ್ಲಿ ಒಂದು ಪಾಲಿನಷ್ಟು ಇಳಿಯಿತು. ದೋಣಿ ಬಾರದ ಪಕ್ಕದ ಜಾಗದಲ್ಲಿ ಅಂಥ ಇಳಿತ ಕಾಣಲಿಲ್ಲ. ಹೋಗಲು ಸಾಧ್ಯವಿದ್ದವು ಹೋದವು. ಉಳಿದವುಗಳನ್ನು ನೋಡಿ ಒಗ್ಗಿಕೊಂಡಿವೆ ಎಂದರೆ ಹೋದವುಗಳನ್ನು ಲೆಕ್ಕದಿಂದ ಬಿಟ್ಟಂತೆ. ಅಲ್ಲಿನ ಸರ್ಕಾರ ಆ ಫಲಿತಾಂಶ ನೋಡಿ ಪರವಾನಗಿಯನ್ನು ಮತ್ತೆ ಒಂದಕ್ಕೆ ಇಳಿಸಿತು. ಹವಾಯಿಯಲ್ಲಿ 2021ರಿಂದ ದಡದ ಎರಡು ನಾಟಿಕಲ್ ಮೈಲಿಯೊಳಗೆ ಸ್ಪಿನ್ನರ್ ಡಾಲ್ಫಿನ್‌ಗೆ 50 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ.

ಡುಬ್ಬದ ಡಾಲ್ಫಿನ್‌ಗಳ ಮಟ್ಟಿಗೆ ಇನ್ನೂ ಕಣ್ಣಿಗೆ ಕಟ್ಟುವ ಉದಾಹರಣೆ ಹಾಂಗ್‌ಕಾಂಗ್‌ನದು. ಅಲ್ಲಿರುವುದು ನಮ್ಮದರ ದಾಯಾದಿ ಜಾತಿ, ಮೈ ತಿಳಿಗುಲಾಬಿ, ನೆಲೆ ಮಾತ್ರ ನಮ್ಮದರಂತೆಯೇ: ನದಿಯೊಂದರ ದೊಡ್ಡ ಅಳಿವೆ, ಕದಡಿದ ನೀರು, ಆಳ ಕಡಿಮೆ. ಅದೇ ನೀರಿನ ಮೇಲೆ ಮಕಾವ್‌ಗೆ ಹೋಗುವ ವೇಗದ ದೋಣಿಗಳ ಹೆದ್ದಾರಿ. 2020ರ ಫೆಬ್ರವರಿಯಲ್ಲಿ ಕೋವಿಡ್ ಕಾರಣದಿಂದ ಆ ದೋಣಿಗಳು ನಿಂತವು. ಕೆಲವೇ ತಿಂಗಳಲ್ಲಿ, ಡಾಲ್ಫಿನ್‌ಗಳು ಬಿಟ್ಟುಹೋಗಿದ್ದ ಆ ದೋಣಿದಾರಿಯಲ್ಲಿ ಅವು ಮತ್ತೆ ಕಾಣಿಸಿಕೊಂಡವು, ಅಲ್ಲಿಯೇ ಉಣ್ಣತೊಡಗಿದವು, ಒಂದರೊಡನೊಂದು ಆಡತೊಡಗಿದವು. ಆ ನೀರು ಅವಕ್ಕೆ ಬೇಡವಾಗಿರಲಿಲ್ಲ. ಗದ್ದಲದಲ್ಲಿ ಅಲ್ಲಿ ಕೇಳಿಸಿಕೊಳ್ಳುವುದು ಆಗುತ್ತಿರಲಿಲ್ಲ.

ಹಾಗಾದರೆ ನೋಡಲು ಹೋಗಲೇಬಾರದೆ ಎಂದು ನೀವು ಕೇಳುತ್ತೀರಿ. ಹೋಗಿ. ಹಿಂಡಿನ ಮುಂದಕ್ಕೆ ಅಡ್ಡ ಹೋಗದೆ ಪಕ್ಕದಲ್ಲಿ, ಅವುಗಳ ದಿಕ್ಕಿನಲ್ಲಿಯೇ, ನಿಧಾನವಾಗಿ ಸಾಗಲು ದೋಣಿಯವರಿಗೆ ಹೇಳಿ. ಒಂದು ದೋಣಿ ಮೊದಲೇ ಇದ್ದರೆ ದೂರ ನಿಲ್ಲಲು ಹೇಳಿ. ಮರಿಯಿದ್ದರೆ ಹಿಂದಿರುಗಲು ಹೇಳಿ. ಹೆಚ್ಚು ದುಡ್ಡು ಕೊಟ್ಟು ಹತ್ತಿರ ಹೋಗಲು ಒತ್ತಾಯಿಸುವವರು ಪ್ರವಾಸಿಗರೇ ಎಂದು ದೋಣಿ ನಡೆಸುವವರು ನನಗೆ ಹೇಳಿದ್ದುಂಟು, ಅದರಲ್ಲಿ ಸುಳ್ಳಿಲ್ಲ. ಇದಕ್ಕಿಂತ ಅಗ್ಗದ ದಾರಿಯೂ ಇದೆ. ಇಳಿತ ಶುರುವಾಗುವ ಹೊತ್ತನ್ನು ಮೀನುಗಾರರಲ್ಲಿ ಕೇಳಿಕೊಂಡು, ಅಳಿವೆಯ ಬಾಯಿ ಕಾಣುವ ಒಂದು ಎತ್ತರದ ಬಂಡೆಯ ಮೇಲೆ ದುರ್ಬೀನು ಹಿಡಿದು ಕುಳಿತುಕೊಳ್ಳಿ. ಕಂದು ನೀರಿಗೂ ಹಸಿರು ನೀರಿಗೂ ನಡುವಿನ ಗೆರೆ ಎಲ್ಲಿದೆಯೆಂದು ಮೊದಲು ನೋಡಿಕೊಳ್ಳಿ, ಡಾಲ್ಫಿನ್ ಆಮೇಲೆ.